ಬೀಗದ ಕೈ ಯಾರ ಹತ್ತಿರ ಇದೆ?

(ಬಡಾವಣೆಯೊಂದರ ಕನ್ನಡ ಯುವಕರ ಸಂಜೆ ಸಭೆಯಲ್ಲಿ ಆಡಿದ ಮಾತುಗಳು. ಓದುಗರಿಗಾಗಿ ಅಲ್ಪಸ್ವಲ್ಪ ತಿದ್ದಿ ಇಲ್ಲಿ ಕೊಟ್ಟಿದೆ.)

ಗೆಳೆಯರೇ,

ಹಾರ ತುರಾಯಿ ಬೇಡ ಅಂತ ನೀವೇ ತೀರ್ಮಾನ ಮಾಡಿದ್ದು ನನಗೆ ಹಿಡಿಸಿತು. ಅದರಿಂದ ಉಳಿದ ಹತ್ತು ನಿಮಿಷದಲ್ಲಿ ನನ್ನದೊಂದು ಸೋಲಿನ ಕಥೆ ಹೇಳಿಬಿಡುತ್ತೇನೆ. ಗೆದ್ದವರ ಕಥೆ ಆಮೇಲೆ.

1996ರ ನವೆಂಬರ್ ತಿಂಗಳು. ಇದೇ ಬೆಂಗಳೂರಿನ ಒಂದು ಬಡಾವಣೆ. ನಾವು ಹನ್ನೆರಡು ಜನ ಹುಡುಗರು. ಎಲ್ಲರಿಗೂ ಇಪ್ಪತ್ತು ಇಪ್ಪತ್ತೆರಡರ ವಯಸ್ಸು, ಎಲ್ಲರ ಎದೆಯಲ್ಲೂ ಬೆಂಕಿ. ಧ್ವಜದ ಕಟ್ಟೆಯ ಪಕ್ಕದಲ್ಲಿ ತಗಡಿನ ಶೆಡ್ಡು ಹಾಕಿ ಕನ್ನಡ ವಾಚನಾಲಯ ಶುರು ಮಾಡಿದೆವು. ಮನೆಮನೆ ಸುತ್ತಿ ನಾನೂರು ಪುಸ್ತಕ ಕೂಡಿಸಿದೆವು. ಯಾರೋ ಪುಣ್ಯಾತ್ಮರು ಎರಡು ಕಬ್ಬಿಣದ ಬೀರು ಕೊಟ್ಟರು. ಉದ್ಘಾಟನೆಗೆ ಒಬ್ಬ ಸಿನಿಮಾ ನಟ, ಒಬ್ಬ ರಾಜಕಾರಣಿ, ಸಂಜೆಗೆ ಆರ್ಕೆಸ್ಟ್ರಾ. ಶಾಮಿಯಾನ, ಮೈಕು, ದೀಪದ ಸರ ಎಲ್ಲ ಸೇರಿ ಆದ ಖರ್ಚಿನಲ್ಲಿ ಇನ್ನೊಂದು ನಾನೂರು ಪುಸ್ತಕ ಕೊಳ್ಳಬಹುದಿತ್ತು. ಆಗ ಯಾರಿಗೂ ಹಾಗೆ ಅನ್ನಿಸಲಿಲ್ಲ.

ಎದುರಿಗೆ ಒಂದು ಬೇಕರಿ ಇತ್ತು. ಅದರ ಯಜಮಾನರು ಹಾಸನದ ಕಡೆಯವರು, ಮಾತು ಕಡಿಮೆ. ಉದ್ಘಾಟನೆಯ ದಿನ ಐವತ್ತು ಬನ್ನು ಪುಕ್ಕಟೆ ಕಳಿಸಿದ್ದರು. ಹಣ ಕೊಡೋಣ ಅಂತ ಹೋದರೆ ತೆಗೆದುಕೊಳ್ಳಲಿಲ್ಲ, ಒಂದು ಪ್ರಶ್ನೆ ಮಾತ್ರ ಕೇಳಿದರು.

'ಏನ್ರಪ್ಪಾ, ದಿನಾ ಸಾಯಂಕಾಲ ಇದರ ಬಾಗಿಲು ತೆಗೆಯೋರು ಯಾರು?'

'ನಾವೆಲ್ಲಾ ಇದ್ದೀವಲ್ಲ ಯಜಮಾನ್ರೇ' ಅಂದೆವು.

'ಎಲ್ಲಾ ಇದ್ದೀವಿ ಅಂದ್ರೆ ಯಾರೂ ಇಲ್ಲ ಅಂತಲೇ ಲೆಕ್ಕ' ಅಂದು ಗಿರಾಕಿ ಕಡೆ ತಿರುಗಿಕೊಂಡರು.

ನಾವು ನಕ್ಕೆವು. ಡಿಸೆಂಬರ್ ಪೂರ್ತಿ ಬಾಗಿಲು ತೆಗೆದದ್ದು ಹೌದು. ಜನವರಿಯಲ್ಲಿ ವಾರಕ್ಕೆ ಮೂರು ದಿನ ಆಯಿತು. ಬೀಗದ ಕೈ ಇಟ್ಟುಕೊಂಡಿದ್ದ ಹುಡುಗನಿಗೆ ಹೊಸೂರಿನಲ್ಲಿ ಕೆಲಸ ಸಿಕ್ಕಿತು. ಅವನ ಜೊತೆಗೆ ಬೀಗದ ಕೈಯೂ ಹೋಯಿತು. ಹೋದದ್ದು ನಮಗೆ ಗೊತ್ತಾಗಿದ್ದೇ ಯುಗಾದಿಯ ಹೊತ್ತಿಗೆ. ಬೀಗ ಒಡೆದು ನೋಡಿದರೆ ಒಂದು ಬೀರುವಿನ ತಳದಿಂದ ಗೆದ್ದಲು ಹತ್ತಿ ಎರಡು ಅರೆ ಪುಸ್ತಕ ಮಣ್ಣಾಗಿತ್ತು. ಮಿಕ್ಕಿದ್ದನ್ನು ಕೆಲವರು ಮನೆಗೆ ಒಯ್ದರು, ಕೆಲವು ರದ್ದಿ ಅಂಗಡಿಗೆ ಹೋದವು. ರದ್ದಿಗೆ ಹಾಕಿದವರಲ್ಲಿ ನಾನೂ ಒಬ್ಬ. ಈಗ ಹೇಳಲು ನಾಚಿಕೆ ಇಲ್ಲ. ಆಗ ಬಹಳ ಇತ್ತು.

ಅಂದಿನಿಂದ ಎಲ್ಲಿ ಯಾವ ಕೆಲಸ ನಿಂತಿದೆ ಅಂತ ಕೇಳಿದರೂ ನನ್ನ ಮೊದಲ ಪ್ರಶ್ನೆ ಬೇಕರಿ ಯಜಮಾನರದೇ. ಬೀಗದ ಕೈ ಯಾರ ಹತ್ತಿರ ಇದೆ? ಈ ಪ್ರಶ್ನೆ ಹಿಡಿದುಕೊಂಡೇ ನಿಮ್ಮನ್ನು ಇವತ್ತು ಸಾಗರ ತಾಲ್ಲೂಕಿನ ಹೆಗ್ಗೋಡಿಗೆ ಕರೆದುಕೊಂಡು ಹೋಗುತ್ತೇನೆ.

ಹೆಗ್ಗೋಡು ನಿಮಗೆ ಗೊತ್ತಿಲ್ಲದಿರಬಹುದು, ಅಲ್ಲಿ ಕಲಿತು ಬಂದವರು ಗೊತ್ತು. 2022ರ 'ಕಾಂತಾರ'ದಲ್ಲಿ ದಣಿಯಾಗಿ ನಿಮ್ಮನ್ನು ನಡುಗಿಸಿದ ಅಚ್ಯುತ್ ಕುಮಾರ್ ಅಲ್ಲಿ ಕಲಿತವರು. ನೀನಾಸಂ ಸತೀಶ್ ಅಂತೂ ಸಂಸ್ಥೆಯ ಹೆಸರನ್ನೇ ತನ್ನ ಹೆಸರಿಗೆ ಕಟ್ಟಿಕೊಂಡಿದ್ದಾರೆ. ನೀನಾಸಂ ಅಂದರೆ ಯಾವುದೋ ವಿದೇಶಿ ಕಂಪನಿಯ ಹೆಸರು ಅಂತ ತಿಳಿದಿದ್ದ ಕಾಲೇಜು ಹುಡುಗನೊಬ್ಬ ನನಗೆ ಸಿಕ್ಕಿದ್ದ. ಅದು ನೀಲಕಂಠೇಶ್ವರ ನಾಟ್ಯಸೇವಾ ಸಂಘ. ಊರ ದೇವರ ಹೆಸರಿನಲ್ಲಿ, ಅಡಿಕೆ ತೋಟದ ಜನ ತಾವು ನಾಟಕ ಆಡುವುದಕ್ಕೆಂದು 1949ರಲ್ಲಿ ಕಟ್ಟಿಕೊಂಡ ಸಂಘ.

ಆ ವರ್ಷ ಕೆ.ವಿ. ಸುಬ್ಬಣ್ಣನವರಿಗೆ ಹದಿನೇಳು ವಯಸ್ಸು. ನಿಮಗಿಂತ ಚಿಕ್ಕವರು. ಮುಂದೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿದರು. ಹಾಗೆ ಓದಿದವರು ಸಾಮಾನ್ಯವಾಗಿ ಮೈಸೂರಿನಲ್ಲೇ ಮೇಷ್ಟ್ರಾಗುತ್ತಿದ್ದರು, ಇಲ್ಲವೇ ಬೆಂಗಳೂರಿನಲ್ಲಿ ಸರ್ಕಾರಿ ಕೆಲಸ ಹಿಡಿಯುತ್ತಿದ್ದರು. ಈತ ಊರಿಗೆ ವಾಪಸ್ಸು ಹೋದರು. ಹಳ್ಳಿಗೆ ಹೋಗಿ ಜನರನ್ನು ಉದ್ಧಾರ ಮಾಡುತ್ತೇನೆ ಅಂತ ಹೊರಟವರ ದೊಡ್ಡ ಪಟ್ಟಿಯೇ ನಮ್ಮಲ್ಲಿದೆ. ಅವರಲ್ಲಿ ಬಹಳ ಮಂದಿ ಎರಡು ಮಳೆಗಾಲ ಕಳೆಯುವುದರೊಳಗೆ ಬಸ್ಸು ಹತ್ತುತ್ತಾರೆ. ಸುಬ್ಬಣ್ಣ ಹೋಗಿದ್ದು ತಮ್ಮ ಸ್ವಂತ ಊರಿಗೆ. ಅಲ್ಲಿ ಯಾರ ತೋಟದ ಬೇಲಿ ಎಲ್ಲಿದೆ, ಯಾರಿಗೆ ಯಾರ ಮೇಲೆ ಮುನಿಸು, ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಯಾಕೆ ತಾಲೀಮು ಇಟ್ಟುಕೊಳ್ಳಬಾರದು, ಇದೆಲ್ಲ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನೊಂದು ಮುಖ್ಯ ಮಾತು. ಮಲೆನಾಡಿನ ಆ ಜನಕ್ಕೆ ನಾಟಕ ಹೊಸದೇನಲ್ಲ. ಯಕ್ಷಗಾನ ರಾತ್ರಿಯಿಡೀ ನೋಡುತ್ತಿದ್ದವರು, ತಾಳಮದ್ದಳೆಯಲ್ಲಿ ಕೃಷ್ಣನೂ ಕರ್ಣನೂ ವಾದ ಮಾಡುವುದನ್ನು ಕೂತು ಕೇಳುತ್ತಿದ್ದವರು. ಊರಿನಲ್ಲಿ ಇದ್ದ ಹುಚ್ಚನ್ನೇ ಗುರುತಿಸಿ, ಅದಕ್ಕೆ ಇನ್ನಷ್ಟು ದಾರಿ ಮಾಡಿಕೊಟ್ಟದ್ದು ಸುಬ್ಬಣ್ಣನವರ ಕೆಲಸ. ನಾವು ತಗಡಿನ ಶೆಡ್ಡು ಹಾಕುವಾಗ ಆ ಬೀದಿಯ ಜನ ಸಂಜೆ ಏನು ಮಾಡುತ್ತಾರೆ, ಏನು ಓದುತ್ತಾರೆ, ಓದುತ್ತಾರೋ ಇಲ್ಲವೋ ಅಂತ ಒಬ್ಬರನ್ನಾದರೂ ಕೇಳಿದ್ದೆವಾ? ಇಲ್ಲ ಸ್ವಾಮಿ.

ಈಗ ಇಸವಿಗಳನ್ನು ಗಮನಿಸಿ. ಸಂಘ ಹುಟ್ಟಿದ್ದು 1949. ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಎದ್ದದ್ದು 1972. ಮಧ್ಯೆ ಇಪ್ಪತ್ತಮೂರು ವರ್ಷ. ಆ ಇಪ್ಪತ್ತಮೂರು ವರ್ಷ ಸ್ವಂತ ಮಂದಿರ ಇಲ್ಲದೆಯೇ ಸಂಘ ನಡೆಯಿತು. ನಮ್ಮ ಸಂಘಗಳಲ್ಲಿ ಹೇಗಿದೆ? ಮೊದಲ ಸಭೆಯಲ್ಲೇ 'ಭವನಕ್ಕೆ ನಿವೇಶನ ಕೊಡಬೇಕು' ಅಂತ ಠರಾವು. ನಿವೇಶನ ಸಿಗುವ ಹೊತ್ತಿಗೆ ಸಂಘ ಎರಡು ಹೋಳು. ಭವನ ಎದ್ದ ಮೇಲೆ ಮದುವೆಗೆ ಬಾಡಿಗೆ. ಹೆಗ್ಗೋಡಿನಲ್ಲಿ ಜನ ಮೊದಲು ಬಂದರು, ಗೋಡೆ ಆಮೇಲೆ ಬಂತು.

ಈ ನಡುವೆ, ಐವತ್ತರ ದಶಕದ ಕೊನೆಯಲ್ಲಿ, ಸುಬ್ಬಣ್ಣ ಅಕ್ಷರ ಪ್ರಕಾಶನ ಶುರು ಮಾಡಿದ್ದರು. ಪುಸ್ತಕದ ವ್ಯಾಪಾರ ಪೇಟೆಯಲ್ಲಿ, ಪ್ರಕಾಶಕ ಕಾಡಿನ ನಡುವೆ. ಗೋಪಾಲಕೃಷ್ಣ ಅಡಿಗರು ಸಂಪಾದಿಸುತ್ತಿದ್ದ 'ಸಾಕ್ಷಿ' ಪತ್ರಿಕೆ ಬಂದದ್ದು ಈ ಪ್ರಕಾಶನದಿಂದ. ಕನ್ನಡದ ಹೊಸ ಸಾಹಿತ್ಯದ ಜಗಳವೆಲ್ಲ ಒಂದು ಕಾಲಕ್ಕೆ ಹೆಗ್ಗೋಡಿನ ಟಪ್ಪಾಲಿನಲ್ಲಿ ಓಡಾಡುತ್ತಿತ್ತು ಅಂದರೆ ಉತ್ಪ್ರೇಕ್ಷೆಯಲ್ಲ.

1973ರಲ್ಲಿ ಚಿತ್ರಸಮಾಜ ಕಟ್ಟಿದರು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಪ್ರಪಂಚದ ದೊಡ್ಡ ಸಿನಿಮಾಗಳನ್ನು ತರಿಸಿ ಊರವರಿಗೆ ತೋರಿಸುವ ಯೋಚನೆ. ಕೇಳಿದವರು ನಕ್ಕಿರಲೇಬೇಕು. ಜಪಾನಿ ಮಾತು, ಕೆಳಗೆ ಇಂಗ್ಲಿಷ್ ಅಕ್ಷರ, ನೋಡುವವರು ಅಡಿಕೆ ಸುಲಿದು ಬಂದ ಗಂಡಸರು ಹೆಂಗಸರು! ನಮ್ಮ ನಗರದ ಫಿಲಂ ಸೊಸೈಟಿಯವರಾಗಿದ್ದರೆ 'ಆ ಜನಕ್ಕೆ ಇದು ಅರ್ಥವಾಗಲ್ಲ' ಅಂತ ಷರಾ ಬರೆದು ಮುಗಿಸುತ್ತಿದ್ದರು. ಹೆಗ್ಗೋಡಿನವರು ಸಿನಿಮಾದ ಬಗ್ಗೆ ಕನ್ನಡದಲ್ಲಿ ವಿವರಿಸಿ ತೋರಿಸಿದರು, ನೋಡಿದ ಮೇಲೆ ಚರ್ಚೆಗೆ ಕೂತರು. ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದುರ್ ಅವರಂಥ ಮೇಷ್ಟ್ರನ್ನು ಅಲ್ಲಿಗೇ ಕರೆಸಿ ಸಿನಿಮಾ ನೋಡುವುದು ಹೇಗೆ ಅಂತ ಶಿಬಿರ ನಡೆಸಿದರು. ಜನಕ್ಕೆ ಅರ್ಥವಾಗುತ್ತದೆಯೇ ಅಂತ ದೂರದಿಂದ ಊಹೆ ಮಾಡುತ್ತಾ ಕೂರಲಿಲ್ಲ. ಅರ್ಥವಾಗುವುದಕ್ಕೆ ಏನು ಬೇಕೋ ಅದನ್ನು ಒದಗಿಸಿದರು.

1980ರಲ್ಲಿ ರಂಗಶಿಕ್ಷಣ ಕೇಂದ್ರ. ಕನ್ನಡ ಕನ್ನಡ ಅಂತ ಬೀದಿಯಲ್ಲಿ ಕೂಗುವ ನನ್ನಂಥವನಿಗೆ ಇಲ್ಲೊಂದು ಪಾಠ ಕಾದಿತ್ತು. ನಾಟಕವನ್ನು ಶಾಸ್ತ್ರವಾಗಿ ಕಲಿಯಬೇಕಾದರೆ ಆವರೆಗೆ ದೆಹಲಿಗೆ ಹೋಗಬೇಕಾಗಿತ್ತು. ಹಿಂದಿ ಬೇಕು, ಇಂಗ್ಲಿಷ್ ಬೇಕು. ಬೀದರಿನ, ಚಾಮರಾಜನಗರದ ಹಳ್ಳಿ ಹುಡುಗನಿಗೆ ಅದೆಲ್ಲಿ ಎಟುಕುತ್ತದೆ? ಹೆಗ್ಗೋಡಿನಲ್ಲಿ ನಟನೆ, ಬೆಳಕು, ಪ್ರಸಾಧನ, ರಂಗಸಜ್ಜಿಕೆ, ಭರತ, ಬ್ರೆಕ್ಟ್, ಗ್ರೀಕ್ ನಾಟಕ ಎಲ್ಲವನ್ನೂ ಕನ್ನಡದಲ್ಲೇ ಪಾಠ ಮಾಡಿದರು. ಕನ್ನಡದಲ್ಲಿ ಪುಸ್ತಕ ಇಲ್ಲದ ಕಡೆ ಅನುವಾದ ಮಾಡಿದರು, ಬರೆದರು, ಅಚ್ಚು ಹಾಕಿದರು. ಪ್ರಕಾಶನ ಮನೆಯಲ್ಲೇ ಇತ್ತಲ್ಲ. ಕನ್ನಡದಲ್ಲಿ ಕಲಿಸಲು ಸಾಧ್ಯವೇ ಅನ್ನುವ ವಿಷಯದ ಮೇಲೆ ಅಲ್ಲಿ ವಿಚಾರ ಸಂಕಿರಣ ನಡೆಸುತ್ತಾ ಕೂರಬೇಕಾಗಲಿಲ್ಲ. ನಾಳೆ ಬೆಳಿಗ್ಗೆ ತರಗತಿ ಇದೆ, ಎದುರಿಗೆ ಕೂರುವವನಿಗೆ ಕನ್ನಡ ಬರುತ್ತದೆ, ಆದ್ದರಿಂದ ಕನ್ನಡದಲ್ಲಿ ಕಲಿಸಿದರು. ಅಷ್ಟೇ.

ಈಗ ಹಣದ ಮಾತು. ನೀವು ಕೇಳುವ ಮೊದಲೇ ಹೇಳುತ್ತೇನೆ, ಹೊರಗಿನ ಹಣ ಬಂದಿದೆ. 1983ರಿಂದ 85ರವರೆಗೆ ಫೋರ್ಡ್ ಫೌಂಡೇಶನ್ನಿನ ನೆರವಿನಲ್ಲಿ 'ಜನಸ್ಪಂದನ' ಅನ್ನುವ ಯೋಜನೆ ನಡೆಯಿತು. ನಾಟಕ ಶಿಬಿರ, ಸಿನಿಮಾ ಶಿಬಿರಗಳನ್ನು ರಾಜ್ಯದ ಬೇರೆ ಬೇರೆ ಊರುಗಳಿಗೆ ಒಯ್ದರು. ಉತ್ತರ ಕನ್ನಡದ ಸಿದ್ದಿ ಜನರೇ ಬಣ್ಣ ಹಚ್ಚಿ, ಆಫ್ರಿಕದ ಚಿನುವ ಅಚಿಬೆಯ ಕಾದಂಬರಿಯನ್ನು ಆಧರಿಸಿದ ನಾಟಕ ಆಡಿದ್ದು ಆ ದಶಕದಲ್ಲಿ, ನೀನಾಸಂನ ಚಿದಂಬರರಾವ್ ಜಂಬೆಯವರ ನಿರ್ದೇಶನದಲ್ಲಿ. ಎಂದೋ ಆಫ್ರಿಕದಿಂದ ಬಂದವರ ಮೊಮ್ಮಕ್ಕಳು ಯಲ್ಲಾಪುರದ ಕಡೆಯ ಕಾಡಿನಲ್ಲಿ ನಿಂತು ಕನ್ನಡದಲ್ಲಿ ಆಫ್ರಿಕದ ಕಥೆ ಹೇಳುವುದನ್ನು ನೆನೆಸಿಕೊಳ್ಳಿ.

ವಿದೇಶಿ ಹಣ ಬೇಕಿತ್ತೇ ಅಂತ ಬಿಸಿರಕ್ತದವರು ಕೇಳಬಹುದು. ನಾನೂ ಕೇಳಿದವನೇ. ಆದರೆ ಆ ಹಣ ಬಂದದ್ದು ಸಂಘ ಹುಟ್ಟಿ ಮೂವತ್ತನಾಲ್ಕು ವರ್ಷವಾದ ಮೇಲೆ. ಅದು ಬರುವ ಮೊದಲೂ ನಡೆಯುತ್ತಿತ್ತು, ನಿಂತ ಮೇಲೂ ನಡೆಯಿತು. ಅನುದಾನ ಮಂಜೂರಾದ ದಿನ ಹುಟ್ಟಿ ಅನುದಾನ ಮುಗಿದ ದಿನ ಸಾಯುವ ಸಂಸ್ಥೆಗಳನ್ನು ಇಲ್ಲಿ ಕೂತಿರುವ ಎಲ್ಲರೂ ಕಂಡಿದ್ದೀರಿ, ಹೆಸರು ಬೇಡ.

ಯೋಜನೆ ಮುಗಿದ ಅದೇ 1985ರಲ್ಲಿ 'ತಿರುಗಾಟ' ಹೊರಟಿತು. ಒಂದು ತಂಡ, ಕೆಲವು ನಾಟಕ, ಒಂದು ಗಾಡಿ. ವರ್ಷದಲ್ಲಿ ಕೆಲವು ತಿಂಗಳು ಕರ್ನಾಟಕ ಸುತ್ತುವುದು. ಆಯಾ ಊರಿನಲ್ಲಿ ಒಂದು ಸಂಘವೋ, ನಾಲ್ಕು ಜನ ಗೆಳೆಯರೋ ನಿಂತು ಜಾಗ, ಊಟ, ವಸತಿ ನೋಡಿಕೊಂಡು, ಟಿಕೇಟು ಮಾರಿ, ಆಟ ಆಡಿಸುತ್ತಾರೆ. ಈ ಏರ್ಪಾಡಿನ ಗುಟ್ಟು ಇಲ್ಲಿದೆ. ಹೆಗ್ಗೋಡಿನಲ್ಲಿ ಸುಬ್ಬಣ್ಣ ಇದ್ದ ಹಾಗೆಯೇ ಪ್ರತಿ ಊರಿನಲ್ಲೂ ಒಬ್ಬ ಸಣ್ಣ ಸುಬ್ಬಣ್ಣ ಇರಬೇಕಾಯಿತು. ಔಷಧಿ ಅಂಗಡಿಯವನೋ, ಹೈಸ್ಕೂಲು ಮೇಷ್ಟ್ರೋ, ಎಲ್‌ಐಸಿ ಏಜೆಂಟೋ. ವರ್ಷಕ್ಕೆ ಎರಡು ಮೂರು ದಿನ ಊರನ್ನು ಬಾಗಿಲಿಗೆ ಕರೆತರುವ ಜವಾಬ್ದಾರಿ ಅವನದು. ಅವನ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಅವನಿಲ್ಲದ ಊರಿಗೆ ತಿರುಗಾಟದ ಗಾಡಿಯೂ ಬರುವುದಿಲ್ಲ.

ಒಮ್ಮೆ ಒಂದು ತಾಲ್ಲೂಕು ಕೇಂದ್ರದಲ್ಲಿ ತಿರುಗಾಟದ ನಾಟಕ ನೋಡಿದೆ. ಮುಗಿದ ಮೇಲೆ ಬಸ್ಸಿಗೆ ಇನ್ನೂ ಹೊತ್ತಿತ್ತು, ಅಲ್ಲೇ ನಿಂತಿದ್ದೆ. ಅರ್ಧ ಗಂಟೆ ಹಿಂದೆ ರಾಜನಾಗಿ ಗರ್ಜಿಸಿದ್ದ ಹುಡುಗ ಮುಖದ ಬಣ್ಣ ಪೂರ್ತಿ ಅಳಿಸುವ ಮೊದಲೇ ಸೆಟ್ಟು ಬಿಚ್ಚಿ ಗಾಡಿಗೆ ಏರಿಸುತ್ತಿದ್ದ. ರಾಣಿ ಬಟ್ಟೆ ಮಡಿಸಿ ಪೆಟ್ಟಿಗೆಗೆ ತುಂಬುತ್ತಿದ್ದಳು. ನಮ್ಮ ಶೆಡ್ಡಿನ ನೆನಪಾಯಿತು. ಅಲ್ಲಿ ಉದ್ಘಾಟನೆ ಆದ ರಾತ್ರಿ ಕುರ್ಚಿ ಎತ್ತಿಡಲು ಹನ್ನೆರಡು ಜನರಲ್ಲಿ ಉಳಿದವರು ಇಬ್ಬರು.

1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರ ಜುಲೈನಲ್ಲಿ ತೀರಿಕೊಂಡರು. ಅವರು ಹೋದ ಮೇಲೂ ರಂಗಶಿಕ್ಷಣ ಕೇಂದ್ರದಲ್ಲಿ ಪಾಠ ನಡೆಯಿತು, ತಿರುಗಾಟ ಹೊರಟಿತು. ಬದುಕಿದ್ದಾಗಲೇ ಬೀಗದ ಕೈ ಹತ್ತಾರು ಜನರ ಹತ್ತಿರ ಹಂಚಿಹೋಗಿತ್ತು. ಅಲ್ಲಿ ಕಲಿತ ಮಂಡ್ಯ ರಮೇಶ್ ಮೈಸೂರಿನಲ್ಲಿ 'ನಟನ' ಕಟ್ಟಿದರು. ಹಾಗೆ ತಂತಮ್ಮ ಊರಿಗೆ ಮರಳಿ ತಂಡ ಕಟ್ಟಿದವರು, ಶಾಲೆಯ ಮಕ್ಕಳಿಗೆ ನಾಟಕ ಕಲಿಸುತ್ತಿರುವವರು ಇನ್ನೆಷ್ಟೋ ಜನ. ಅದೇ ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಹೆಣ್ಣುಮಕ್ಕಳ ಕೈಮಗ್ಗದ ಸಹಕಾರ ಸಂಘ 'ಚರಕ'ವನ್ನು ಕಟ್ಟಿ ನಿಲ್ಲಿಸಿದರು. ಹತ್ತಿ ಬಟ್ಟೆಗೆ ಗಿಡಮರದ ಬಣ್ಣ. ಇಂಥವಕ್ಕೆ ಕಷ್ಟ ಬರುವುದಿಲ್ಲ ಅಂತಲ್ಲ. 2020ರಲ್ಲಿ ಚರಕ ತೀರಾ ಸಂಕಟಕ್ಕೆ ಸಿಕ್ಕಿ ಸುದ್ದಿಯಾಗಿತ್ತು. ಮಗ್ಗ ನೇಯುವುದು ಒಂದು ಕಷ್ಟ, ನೇಯ್ದ ಬಟ್ಟೆ ಮಾರುವುದು ಅದರ ಎರಡರಷ್ಟು ಕಷ್ಟ.

ಹಿಂದಿನ ಸಾಲಿನಲ್ಲಿ ಕೂತಿರುವ ತಂಗಿಯೊಬ್ಬಳು ಸಭೆಗೆ ಮುಂಚೆ ನನ್ನನ್ನು ಕೇಳಿದಳು. 'ಸಾರ್, ಅವರಿಗೆ ತೋಟ ಇತ್ತು, ಮನೆ ಇತ್ತು, ಓದಿದ್ರು, ಮೇಲ್ಜಾತಿ. ಏನೂ ಇಲ್ಲದೋರು ಏನ್ಮಾಡ್ಬೇಕು?' ಈ ಪ್ರಶ್ನೆಯನ್ನು ತಳ್ಳಿಹಾಕುವವನಲ್ಲ ನಾನು. ತೋಟ ಇದ್ದವನಿಗೆ ಬಿಡುವು ಇರುತ್ತದೆ, ಬಿಡುವಿದ್ದವನಿಗೆ ನಾಟಕ ಇರುತ್ತದೆ. ನಿಜ. ಅದಕ್ಕೇ ಇನ್ನೊಬ್ಬರ ಕಥೆ ಹೇಳುತ್ತೇನೆ, ಅವರ ಹತ್ತಿರ ಒಂದು ಬುಟ್ಟಿ ಕಿತ್ತಳೆ ಬಿಟ್ಟರೆ ಬೇರೇನೂ ಇರಲಿಲ್ಲ.

ಹರೇಕಳ ಹಾಜಬ್ಬ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದವರು. ಶಾಲೆಯ ಮುಖ ಕಾಣದವರು, ಆಡುವುದು ತುಳು, ಬ್ಯಾರಿ. ಒಂದು ದಿನ ವಿದೇಶಿ ದಂಪತಿ ಬಂದು ಹಣ್ಣಿನ ಬೆಲೆ ಇಂಗ್ಲಿಷಿನಲ್ಲಿ ಕೇಳಿದರು. ಉತ್ತರ ಹೇಳಲು ಬರಲಿಲ್ಲ. ಆ ಅವಮಾನ ಮನಸ್ಸಿನಲ್ಲಿ ಕೂತಿತು. ಅಂಥ ಅವಮಾನ ನಮಗೆಲ್ಲ ಒಂದಲ್ಲ ಒಂದು ಕೌಂಟರಿನ ಮುಂದೆ ಆಗಿದೆ. ನಾವು ಏನು ಮಾಡಿದೆವು? ಬೈದೆವು, ಮನೆಗೆ ಹೋದೆವು. ಹಾಜಬ್ಬ ತನ್ನೂರು ಹರೇಕಳದ ನ್ಯೂಪಡ್ಪುವಿನ ಮಕ್ಕಳಿಗೆ ಹತ್ತಿರದಲ್ಲಿ ಶಾಲೆ ಇಲ್ಲ ಅನ್ನುವುದನ್ನು ಹಿಡಿದುಕೊಂಡರು. ಕಚೇರಿಯಿಂದ ಕಚೇರಿಗೆ ಅಲೆದರು. 2000ದ ಹೊತ್ತಿಗೆ ಮದರಸಾದ ಕಟ್ಟಡದಲ್ಲಿ 28 ಮಕ್ಕಳ ಶಾಲೆ ಶುರುವಾಯಿತು. ಆಮೇಲೆ ಹಣ್ಣು ಮಾರಿ ಉಳಿಸಿದ್ದು, ಸಾಲ ಮಾಡಿದ್ದು, ದಾನಿಗಳನ್ನು ಕೇಳಿದ್ದು, ಬಂದ ಬಹುಮಾನದ ಹಣ, ಎಲ್ಲವೂ ಶಾಲೆಯ ಜಾಗಕ್ಕೆ, ಕೋಣೆಗೆ. ಮುಂದೆ ಹೈಸ್ಕೂಲೂ ಆಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಅವರು ಕಟ್ಟಿಸಿದ್ದು ಸ್ವಂತ ಶಾಲೆಯನ್ನಲ್ಲ, ಸರ್ಕಾರಿ ಶಾಲೆಯನ್ನು. ಮೇಷ್ಟ್ರ ಸಂಬಳ ಸರ್ಕಾರದ್ದು, ಹೊಣೆ ಸರ್ಕಾರದ್ದು. ಸರ್ಕಾರ ಬರಲೇಬೇಕಾದ ಹಾಗೆ ಬಾಗಿಲು ತೆರೆದು ನಿಂತವರು ಇವರು. ಖಾಸಗಿಯಾಗಿ ಮಾಡಿದ್ದರೆ ಅವರ ಕಿತ್ತಳೆ ಬುಟ್ಟಿಗೆ ಅದು ಎಷ್ಟು ದಿನ ನಿಲ್ಲುತ್ತಿತ್ತು? 2020ರಲ್ಲಿ ಪದ್ಮಶ್ರೀ ಘೋಷಣೆ ಆಯಿತು, 2021ರ ನವೆಂಬರಿನಲ್ಲಿ ಬರಿಗಾಲಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ತಂದರು. ಟಿವಿಯವರೆಲ್ಲ ಬರಿಗಾಲನ್ನೇ ತೋರಿಸಿದರು. ಆ ಮನುಷ್ಯ ಕೇಳುತ್ತಿದ್ದುದು ಊರಿಗೊಂದು ಪಿಯು ಕಾಲೇಜು.

ಇನ್ನೊಂದೇ ಊರು, ಚುಟುಕಾಗಿ. ಗದಗಿನ ಕಣಗಿನಹಾಳ. 1904ರಲ್ಲಿ ಬ್ರಿಟಿಷ್ ಸರ್ಕಾರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತಂದಿತು. 1905ರಲ್ಲೇ ಈ ಊರಿನಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ದೇಶದ ಮೊಟ್ಟಮೊದಲ ಕೃಷಿ ಸಹಕಾರ ಸಂಘಗಳಲ್ಲಿ ಅದೊಂದು. ಕಾಯ್ದೆ ಎಲ್ಲರಿಗೂ ಬಂದಿತ್ತು, ಗೌಡರು ಮಾತ್ರ ಅದನ್ನು ಮಾರನೆಯ ವರ್ಷವೇ ಊರಿನ ಕೆಲಸಕ್ಕೆ ಹಚ್ಚಿದರು. ಆ ಕಾಯ್ದೆಯಲ್ಲಿ ಹಳ್ಳಿಯ ಸಂಘಗಳಿಗೆ ಒಂದು ಕಠಿಣ ಷರತ್ತು ಇತ್ತು. ಸಂಘ ಮಾಡಿದ ಸಾಲಕ್ಕೆ ಸದಸ್ಯರೆಲ್ಲರೂ ಪೂರ್ತಿ ಹೊಣೆ. ಒಬ್ಬ ತೀರಿಸದೆ ಕೈ ಎತ್ತಿದರೆ ಮಿಕ್ಕವರ ಮನೆ ಬಾಗಿಲಿಗೆ ಬರುತ್ತದೆ. ಸಾಹುಕಾರನ ಬಡ್ಡಿಯಿಂದ ಪಾರಾಗಬೇಕಾದರೆ ಪಕ್ಕದ ಮನೆಯವನ ಸಾಲಕ್ಕೆ ನೀನು ಹೆಗಲು ಕೊಡಬೇಕು. ಪರಸ್ಪರ ಮುಖ ನೋಡಿ, ಇವನು ಕೊಡುತ್ತಾನೆ, ಇವನು ಕೊಡಲ್ಲ ಅಂತ ಹೇಳಬಲ್ಲವರು ಇದ್ದಲ್ಲಿ ಮಾತ್ರ ಅಂಥದ್ದು ನಡೆದೀತು. ನಮ್ಮ ಬಡಾವಣೆಗಳಲ್ಲಿ ಪಕ್ಕದ ಫ್ಲಾಟಿನವನ ಹೆಸರು ಗೊತ್ತಾಗುವುದು ಅವನ ಮನೆಗೆ ಬರಬೇಕಾದ ಪಾರ್ಸೆಲ್ಲು ನಮ್ಮ ಮನೆಗೆ ಬಂದಾಗ!

ಈಗ ನಮ್ಮ ಬೀದಿಗೆ ವಾಪಸ್ಸು ಬರೋಣ. ಶೆಡ್ಡಿನ ಕಥೆ ಅಲ್ಲಿಗೇ ಮುಗಿಯಲಿಲ್ಲ.

2011ರಲ್ಲಿ ನಮ್ಮ ರಸ್ತೆಗೆ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಮನೆ ಮಾಡಿಕೊಂಡು ಬಂದರು. ಹೆಸರು ಹೇಳಬಾರದು ಅಂತ ಅವರೇ ಅಪ್ಪಣೆ ಮಾಡಿದ್ದಾರೆ. ಯಾವುದೋ ಮಾತಿಗೆ ಹಳೆಯ ವಾಚನಾಲಯದ ಕಥೆ ಬಂತು. ನನ್ನ ಮನೆಯಲ್ಲಿ ಉಳಿದಿದ್ದ ಮೂವತ್ತು ಪುಸ್ತಕ ತರಿಸಿಕೊಂಡು ತಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಜೋಡಿಸಿದರು. ಅವರಿಗೆ ಕಾರಿರಲಿಲ್ಲ. ಸಂಜೆ ಐದೂವರೆಗೆ ಬಾಗಿಲು, ಎಂಟಕ್ಕೆ ಬಂದ್. ಉದ್ಘಾಟನೆ ಇಲ್ಲ, ಬೋರ್ಡೂ ಇಲ್ಲ. ದಿನಾ ರಾತ್ರಿ ಹಳೆಯ ಅಭ್ಯಾಸದಂತೆ ವೇ ಬಿಲ್ಲು ಬರೆದ ಹಾಗೆ ಲೆಕ್ಕ ಬರೆಯುವರು. ಬಂದವರು ಎಷ್ಟು, ಒಯ್ದ ಪುಸ್ತಕ ಎಷ್ಟು, ವಾಪಸ್ಸು ಬಂದದ್ದು ಎಷ್ಟು. ಮೊದಲ ತಿಂಗಳು ಒಟ್ಟು ಬಂದವರು ಏಳು ಜನ. ಆ ಏಳರಲ್ಲಿ ನಾನೂ ಒಬ್ಬ.

ಎರಡನೆಯ ತಿಂಗಳು ಅವರು ಬಾಗಿಲಲ್ಲೇ ನಿಂತು ಹೋಗಿಬರುವವರನ್ನು ಮಾತಾಡಿಸತೊಡಗಿದರು. ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ಪಾಳಿ ಕಾಯುವ ರಾಯಚೂರು, ಯಾದಗಿರಿ ಕಡೆಯ ಹುಡುಗರು. ಗಾರ್ಮೆಂಟ್ಸಿನಿಂದ ಬರುವ ಹೆಣ್ಣುಮಕ್ಕಳು. ಏನು ಬೇಕು ನಿಮಗೆ ಅಂತ ಕೇಳಿದರು. ಆ ಹುಡುಗರು ಕೇಳಿದ್ದು ಪಿಎಸ್‌ಐ, ಎಫ್‌ಡಿಎ ಪರೀಕ್ಷೆಯ ಪುಸ್ತಕ. ಒಬ್ಬಾಕೆ ಕೇಳಿದ್ದು ಪಿಎಫ್ ಅರ್ಜಿ ತುಂಬಿಕೊಡುವವರು ಯಾರಾದರೂ ಇದ್ದಾರಾ ಅಂತ. ಕಂಡಕ್ಟರು ಅದನ್ನೆಲ್ಲ ಒಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡು, ಹಳೆಯ ಪರೀಕ್ಷಾ ಪುಸ್ತಕ ಹುಡುಕಿಕೊಂಡು ಅವೆನ್ಯೂ ರಸ್ತೆ ಸುತ್ತಿದರು. ಗುರುವಾರ ಸಂಜೆ ಅರ್ಜಿ ತುಂಬುವ ದಿನ ಅಂತ ಆಯಿತು.

ನನಗೆ ಕಿರಿಕಿರಿ. 'ಏನ್ ಸಾರ್ ಇದು, ಗೈಡು, ಅರ್ಜಿ, ಸಾಹಿತ್ಯ ಎಲ್ಲಿ ಹೋಯ್ತು?' ಅಂದೆ.

'ಮೊದಲು ಬಸ್ ಹತ್ತಲಿ ಬಿಡಿ ಸಾರ್. ಹತ್ತಿದ ಮೇಲೆ ಕಿಟಕಿ ಆಚೆ ನೋಡೇ ನೋಡ್ತಾರೆ' ಅಂದರು.

ನೋಡಿದರು. ತೇಜಸ್ವಿಯವರ ಪುಸ್ತಕಗಳು ಅರೆಯಲ್ಲಿ ನಿಲ್ಲುವುದೇ ಇಲ್ಲ, ಹೊದಿಕೆ ಕಿತ್ತುಹೋಗುತ್ತವೆ. ಅಲ್ಲಿ ಓದಿದ ಒಬ್ಬ ಕಾವಲುಗಾರ ಹುಡುಗ ಪೊಲೀಸ್ ಕಾನ್‌ಸ್ಟೇಬಲ್ ಆದ. ಒಬ್ಬಳು ಗ್ರಾಮ ಪಂಚಾಯಿತಿ ಕೆಲಸ ಸಿಕ್ಕಿ ಊರಿಗೆ ಹೋದಳು. ಮಿಕ್ಕವರು ಏನೂ ಆಗಲಿಲ್ಲ, ಓದಿದರು ಅಷ್ಟೇ. ಅರವತ್ತು ಎಪ್ಪತ್ತು ಸಾವಿರ ಹಿಂಬಾಲಕರಿರುವ ನಮ್ಮ ಹುಡುಗರ ಖಾತೆಗಳ ಮುಂದೆ ದಿನಕ್ಕೆ ಹದಿನೈದು ಇಪ್ಪತ್ತು ಜನ ಬರುವ ಈ ಶೆಡ್ಡು ಯಾವ ಲೆಕ್ಕ ಅಂತ ನೀವು ಕೇಳಬಹುದು. ಲೆಕ್ಕ ಕಂಡಕ್ಟರ ಪುಸ್ತಕದಲ್ಲಿ ಇದೆ, ದಿನ ಬಿಡದೆ ಬರೆದದ್ದು. ನೋಡಬೇಕಾದರೆ ತೋರಿಸುತ್ತೇನೆ.

ನಾನು ಇವತ್ತು ಇಲ್ಲಿಗೆ ಬಂದದ್ದು ಹೆಗ್ಗೋಡಿನ ಇತಿಹಾಸ ಹೇಳುವುದಕ್ಕಷ್ಟೇ ಅಲ್ಲ. ಕಂಡಕ್ಟರಿಗೆ ಈಗ ಎಪ್ಪತ್ತನಾಲ್ಕು. ಮಂಡಿ ನೋವು, ಹೊತ್ತು ಹೊತ್ತಿಗೆ ಎದ್ದು ಕೂತು ಮಾಡಲಾಗುತ್ತಿಲ್ಲ. ಮಗ ಕಾರು ಕೊಂಡಿದ್ದಾನೆ, ಶೆಡ್ಡು ಬೇಕಂತೆ. ಅವನದು ತಪ್ಪಲ್ಲ, ಹದಿನಾಲ್ಕು ವರ್ಷ ಬಿಟ್ಟುಕೊಟ್ಟ ಮನೆ ಅದು. ಯುಗಾದಿಯೊಳಗೆ ಜಾಗ ಖಾಲಿ ಮಾಡಬೇಕು. ಎರಡು ಸಾವಿರದ ನೂರು ಚಿಲ್ಲರೆ ಪುಸ್ತಕ ಇವೆ. ಮತ್ತೆ ಒಂದು ಯುಗಾದಿ, ಮತ್ತೆ ಅದೇ ಪ್ರಶ್ನೆ.

ಜಾಗಕ್ಕೆ ಹುಡುಕುತ್ತಿದ್ದೇವೆ. ಒಬ್ಬರು ಹಿಟ್ಟಿನ ಗಿರಣಿಯವರು ಪಕ್ಕದ ಕೋಣೆ ಕೊಡುತ್ತೇನೆ ಅಂದಿದ್ದಾರೆ, ಬಾಡಿಗೆ ಸ್ವಲ್ಪ. ಅದನ್ನು ನಾವು ನಾಲ್ಕು ಹಳಬರು ಹೊಂದಿಸಿಕೊಳ್ಳುತ್ತೇವೆ. ನಿಮ್ಮನ್ನು ಹಣ ಕೇಳುತ್ತಿಲ್ಲ. ವಾರಕ್ಕೆ ಆರು ಸಂಜೆ, ಒಬ್ಬರಿಗೆ ಎರಡರಂತೆ ಮೂರು ಜನ ಬೇಕು. ಮಳೆ ಬಂದರೂ, ಕ್ರಿಕೆಟ್ ಮ್ಯಾಚಿದ್ದರೂ, ಯಾರೂ ಬರದಿದ್ದರೂ ಐದೂವರೆಗೆ ಬಾಗಿಲು ತೆಗೆಯುವವರು. ಊರು ಬಿಡುವುದಾದರೆ ಬೀಗದ ಕೈ ಇನ್ನೊಬ್ಬರ ಕೈಗೆ ಕೊಟ್ಟು ಹೋಗುವವರು. ಆಗುವುದಿಲ್ಲ ಅನ್ನಿಸಿದರೆ ಈಗಲೇ ಹೇಳಿ, ಬೇಜಾರಿಲ್ಲ. ಹನ್ನೆರಡು ಜನ ಕೈ ಎತ್ತುವುದು ಮಾತ್ರ ಬೇಡ.

ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಪುಸ್ತಕಗಳನ್ನು ಕಟ್ಟು ಕಟ್ಟುವ ಕೆಲಸ ಇದೆ. ಕಂಡಕ್ಟರು ಬೆಂಚಿನ ಮೇಲೆ ಕೂತು ಪಟ್ಟಿ ಓದುತ್ತಾರೆ, ನಾವು ನಂಬರು ನೋಡಿ ಕಟ್ಟಬೇಕು. ಸೆಣಬಿನ ಹುರಿ ಇದೆ. ಕತ್ತರಿ ಒಂದೇ ಇದೆ, ಮನೆಯಲ್ಲಿದ್ದರೆ ತನ್ನಿ.